ದಿಣ್ಣೆ ಹತ್ತುವಾಗ ಮುಂದಿನ ಚಕ್ರ ಸುತ್ತುತ್ತೆ: ಫ್ರಂಟ್ ವೀಲ್ ಡ್ರೈವ್ ಬಿಟ್ಟು ರಿಯರ್‌ಗೆ ಹೋಗಬೇಕಾ?

ತಪ್ಪಲು_ತೋಟ (ಚಿಕ್ಕಬಳ್ಳಾಪುರ)
ಟಾರ್ ರಸ್ತೆಯಿಂದ ತೋಟದ ಮನೆಗೆ 30 ಮೀಟರ್ ಗರಸು ದಾರಿ. ಕಡಿದಾದ ದಿಣ್ಣೆ, ನಡುವೆ ಒಂದು ತಿರುವು. ಗಾಡಿ 1.2 ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮುಂದೆ ಎಂಜಿನ್, ಮುಂದಿನ ಚಕ್ರಕ್ಕೇ ಡ್ರೈವ್. ಡ್ರೈವರ್ ಒಬ್ಬರೇ ಇದ್ದರೆ ಹತ್ತುತ್ತೆ. ಐದು ಜನ ಕೂತು ಡಿಕ್ಕೀಲಿ 50 ಕೆಜಿ ಮೂಟೆ ಇದ್ದರೆ ಅರ್ಧಕ್ಕೇ ಚಕ್ರ ಗಿರಗಿರ ಸುತ್ತಿ ಕಲ್ಲು ಎರಚುತ್ತೆ. ಎಂಜಿನ್ ಆಫ್ ಆಗಲ್ಲ, ದಮ್ ಇದೆ. ತೂಕ ಜಾಸ್ತಿ ಆದಷ್ಟೂ ಹಿಡಿತ ಜಾಸ್ತಿ ಆಗಬೇಕಲ್ವಾ? ಇಲ್ಲಿ ಉಲ್ಟಾ ಯಾಕೆ? ಮುಂದಿನ ಗಾಡಿ ರಿಯರ್ ವೀಲ್ ಡ್ರೈವ್ ನೋಡಲಾ?

ಮುಳಬಾಗಿಲು_ಮಗ
4x4 (ನಾಲ್ಕೂ ಚಕ್ರಕ್ಕೆ ಡ್ರೈವ್) ತಗೊಳ್ಳಿ. ಮುಗೀತು.

ಸ್ಪ್ಯಾನರ್_ಶಿರಾ
30 ಮೀಟರ್ ದಾರಿಗೆ 15 ಲಕ್ಷ ಸುರೀಬೇಕಾ ಗುರು? ಮೊದಲು ದಿಣ್ಣೆ ಎಷ್ಟು ಕಡಿದು ಅಂತ ಅಳೀರಿ. ಒಂದು ಮೀಟರ್ ಉದ್ದದ ನೇರ ಪಟ್ಟಿ ಇಳಿಜಾರಿನ ಮೇಲಿಡಿ, ಗಾರೆಯವರ ರಸಮಟ್ಟ ಅದರ ಮೇಲಿಡಿ, ಕೆಳಗಿನ ತುದಿ ಎತ್ತಿ ಗುಳ್ಳೆ ನಡುವೆ ತನ್ನಿ. ಆ ತುದಿಗೂ ನೆಲಕ್ಕೂ ಎಷ್ಟು ಸೆಂ.ಮೀ. ಇದೆ ನೋಡಿ.

ತಪ್ಪಲು_ತೋಟ (ಚಿಕ್ಕಬಳ್ಳಾಪುರ)
ಅಳೆದೆ. ಕಡಿದಾದ ಕಡೆ 20 ಸೆಂ.ಮೀ. ಬರ್ತಿದೆ.

ಕ್ರೌನ್_ಪಿನಿಯನ್ (ಕೋಲಾರ)
ಅಂದ್ರೆ 5ಕ್ಕೆ 1. ನಂದಿ ಬೆಟ್ಟದ ಟಾರ್ ರಸ್ತೆಗಿಂತ ಎಷ್ಟೋ ಕಡಿದು. ಈಗ ಲೆಕ್ಕ ಹಾಕೋಣ. ಅಂದಾಜು ಲೆಕ್ಕವೇ, ಆದರೆ ದಿಕ್ಕು ತಪ್ಪಲ್ಲ.

ಗಾಡಿ 900 ಕೆಜಿ, ಡ್ರೈವರ್ 65. ಒಟ್ಟು 965. ಸಮತಟ್ಟಿನಲ್ಲಿ ಇದರ 60 ಪರ್ಸೆಂಟ್ ಮುಂದಿನ ಚಕ್ರದ ಮೇಲೆ, ಅಂದ್ರೆ 579 ಕೆಜಿ. ದಿಣ್ಣೆ ಮೇಲೆ ಗಾಡಿ ವಾಲಿದಾಗ ಎರಡು ನಷ್ಟ. ನೆಲಕ್ಕೆ ನೇರ ಬೀಳೋ ಭಾರವೇ ಸುಮಾರು 2 ಪರ್ಸೆಂಟ್ ಕಡಿಮೆ ಆಗುತ್ತೆ. ಅದರ ಮೇಲೆ, ತೂಕದ ಕೇಂದ್ರ ನೆಲದಿಂದ ಅರ್ಧ ಮೀಟರ್‌ಗಿಂತ ಸ್ವಲ್ಪ ಮೇಲಿರೋದ್ರಿಂದ 43 ಕೆಜಿ ಮುಂದಿನಿಂದ ಹಿಂದಕ್ಕೆ ಸರಿಯುತ್ತೆ. ಉಳಿದದ್ದು 525. ಗಾಡೀನ ಮೇಲಕ್ಕೆ ತಳ್ಳೋಕೆ ಬೇಕಾದ ಬಲ 965ರಲ್ಲಿ ಐದನೇ ಒಂದು ಭಾಗಕ್ಕೆ ಚೂರು ಕಡಿಮೆ, 189. 189ನ್ನ 525ರಿಂದ ಭಾಗಿಸಿದ್ರೆ 0.36. ಟೈರು ನೆಲದ ನಡುವೆ ಬೇಕಾದ ಹಿಡಿತ ಅಷ್ಟು.

ಈಗ ಐದು ಜನ, ಮೂಟೆ. ಒಟ್ಟು 1275 ಕೆಜಿ. ಜನ, ಮೂಟೆ ಹೆಚ್ಚಾಗಿ ಹಿಂದಕ್ಕೇ ಬೀಳೋದ್ರಿಂದ ಮುಂದಿನ ಪಾಲು 52 ಪರ್ಸೆಂಟ್‌ಗೆ ಇಳಿಯುತ್ತೆ. ದಿಣ್ಣೆ ಮೇಲೆ ಮುಂದಿನ ಚಕ್ರದ ಭಾರ 593. ಬೇಕಾದ ಬಲ 250. ಹಿಡಿತ 0.42.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಗಾಡಿಗೆ 310 ಕೆಜಿ ಸೇರಿತು, ಎಳೆಯೋ ಚಕ್ರಕ್ಕೆ ಸಿಕ್ಕಿದ್ದು ಬರೀ 68. ಸಡಿಲ ಗರಸಿನಲ್ಲಿ ಸಿಗೋ ಹಿಡಿತವೇ 0.35ರಿಂದ 0.45. ಒಣ ಟಾರ್ ಮೇಲೆ 0.8 ಸಿಗುತ್ತೆ, ಅದಕ್ಕೇ ರಸ್ತೇಲಿ ಈ ತೊಂದರೆ ಕಾಣಲ್ಲ.

ಪಾವಗಡ_ಪಿಸ್ಟನ್
ಇದೇ ಲೆಕ್ಕ ಹಿಂದಿನ ಡ್ರೈವ್‌ಗೆ ಹಾಕಿ ಅಣ್ಣ. ಅಂಬಾಸಡರ್, ಪದ್ಮಿನಿ ಎಲ್ಲ ರಿಯರ್ ವೀಲ್. ಅವು ಹತ್ತದ ಬೆಟ್ಟ ಇತ್ತಾ?

ಕ್ರೌನ್_ಪಿನಿಯನ್ (ಕೋಲಾರ)
ಹಾಕಿದೆ. ಮುಂದೆ ಎಂಜಿನ್, ಹಿಂದೆ ಡ್ರೈವ್, ಖಾಲಿ ಗಾಡಿ, ಹಿಂದಿನ ಪಾಲು 45 ಪರ್ಸೆಂಟ್ ಇಟ್ಕೊಳ್ಳಿ. ಬೇಕಾದ ಹಿಡಿತ 0.40. ಅಂದ್ರೆ ಖಾಲಿ ಇದ್ದಾಗ ಫ್ರಂಟ್ ವೀಲ್ ಹ್ಯಾಚ್‌ಬ್ಯಾಕ್‌ಗಿಂತ ಕಷ್ಟ. ಲೋಡ್ ತುಂಬಿ ಹಿಂದಿನ ಪಾಲು 58ಕ್ಕೆ ಬಂದ್ರೆ 0.32, ಆರಾಮ. ಈಕೊ ಥರದ ವ್ಯಾನ್ ಜನ ತುಂಬಿದಷ್ಟೂ ಚೆನ್ನಾಗಿ ಹತ್ತೋದು ಇದಕ್ಕೇ. ನಾಲ್ಕೂ ಚಕ್ರಕ್ಕೆ ಡ್ರೈವ್ ಇದ್ದರೆ 0.20 ಸಾಕು.

ಆ ಕಾಲದ ಗಾಡಿಗಳು ಹತ್ತುತ್ತಿದ್ದದ್ದು ಹಿಂದಿನ ಸೀಟಲ್ಲಿ ನಾಲ್ಕು ಜನ ತುರುಕುತ್ತಿದ್ದದ್ರಿಂದ. ಖಾಲಿ ಅಂಬಾಸಡರ್‌ನ ಒದ್ದೆ ಕೆಮ್ಮಣ್ಣಿಗೆ ಇಳಿಸಿದ್ರೆ ಹಿಂದಿನ ಚಕ್ರ ಅಲ್ಲೇ ಗುಂಡಿ ತೋಡುತ್ತೆ.

ಸ್ಪ್ಯಾನರ್_ಶಿರಾ
ಖರ್ಚಿಲ್ಲದ ದಾರಿ ಒಂದಿದೆ, ಯಾರೂ ಹೇಳ್ತಿಲ್ಲ. ರಿವರ್ಸ್‌ನಲ್ಲಿ ಹತ್ತಿಸಿ.

ಗೌರಿಬಿದನೂರು_ಗೇರ್
ತಮಾಷೆ ಮಾಡ್ತಿದೀರಾ?

ಸ್ಪ್ಯಾನರ್_ಶಿರಾ
ಇಲ್ಲ ಸ್ವಾಮಿ. ರಿವರ್ಸ್‌ನಲ್ಲಿ ಹೋದಾಗ ಡ್ರೈವ್ ಚಕ್ರ ಇಳಿಜಾರಿನ ಕೆಳಗಿನ ಕಡೆ ಇರುತ್ತೆ. ಭಾರ ಅಲ್ಲಿಗೇ ಸರಿಯುತ್ತೆ. ಅದೇ 1275 ಕೆಜಿ ಗಾಡಿಗೆ ಮುಂದಿನ ಚಕ್ರದ ಮೇಲೆ 593 ಬದಲು 707 ಸಿಗುತ್ತೆ, ಬೇಕಾದ ಹಿಡಿತ 0.35. ಖಾಲಿ ಗಾಡಿ ಮುಂದಕ್ಕೆ ಹತ್ತಿದಷ್ಟೇ ಸಲೀಸು. ಆದರೆ ಸ್ಟೇರಿಂಗ್ ತಿರುಗೋ ಚಕ್ರ ಹಿಂದಾಗುತ್ತೆ, ಮೂತಿ ಪಕ್ಕಕ್ಕೆ ಹಾರುತ್ತೆ. ತಿರುವಿನಲ್ಲಿ ಹುಷಾರು. ಕೆಳಗೆ ಒಬ್ಬರು ನಿಂತು ಹೇಳಬೇಕು, ಗಾಡಿಯ ನೇರಕ್ಕೆ ಯಾರೂ ನಿಲ್ಲಬಾರದು.

ಅಮ್ಮ_ಆಟೊಮ್ಯಾಟಿಕ್ (ತುಮಕೂರು)
ಅಷ್ಟೆಲ್ಲ ಸಾಹಸಕ್ಕಿಂತ ನಾಲ್ಕು ಜನ ಇಳಿದು ನಡೆದುಕೊಂಡು ಬಂದ್ರೆ ಆಗಲ್ವಾ? 30 ಮೀಟರ್ ತಾನೆ.

ತಪ್ಪಲು_ತೋಟ (ಚಿಕ್ಕಬಳ್ಳಾಪುರ)
ವಯಸ್ಸಾದವರಿದ್ದಾರೆ ಮೇಡಂ, ಮಂಡಿ ನೋವು. ಅವರನ್ನ ಇಳಿಸೋಕಾಗಲ್ಲ.

ಅಮ್ಮ_ಆಟೊಮ್ಯಾಟಿಕ್ (ತುಮಕೂರು)
ಹಾಗಾದ್ರೆ ಅವರನ್ನ ಮುಂದಿನ ಸೀಟಿಗೆ ಕೂರಿಸಿ, ಹಿಂದೆ ಕೂತ ಗಟ್ಟಿಮುಟ್ಟಾದವರನ್ನ ಇಳಿಸಿ, ಮೂಟೆ ಇಳಿಸಿ. ಡಿಕ್ಕಿ ಭಾರ ಹಿಂದಿನ ಚಕ್ರಕ್ಕಿಂತಲೂ ಆಚೆ ಕೂರೋದ್ರಿಂದ ಮುಂದಿನ ಭಾಗವನ್ನ ಎತ್ತುತ್ತೆ. ಮೊದಲು ಹೊರಗೆ ಬರಬೇಕಾದ್ದು ಅದೇ.

ಟೊಮ್ಯಾಟೊ_ಟ್ರಿಪ್ (ಚಿಂತಾಮಣಿ)
ಪಿಕಪ್ ಓಡಿಸೋರು ಯಾರಾದ್ರೂ ಇದ್ದೀರಾ? ಕೋಲಾರ ಎಪಿಎಂಸಿಗೆ ಲೋಡ್ ಹೋಗುವಾಗ ಗಾಡಿ ಕಲ್ಲಿನ ಹಾಗೆ ಕೂತಿರುತ್ತೆ. ಖಾಲಿ ಬರುವಾಗ ಮಳೆ ಬಿದ್ದಿದ್ರೆ ರೌಂಡ್‌ಅಬೌಟ್‌ನಲ್ಲಿ ಹಿಂಭಾಗ ಜಾರುತ್ತೆ. ಟೈರ್ ಹೊಸದು.

ಬಾಗೇಪಲ್ಲಿ_ಬೊಲೆರೊ
ಲೋಡಿಗೆ ಅಂತ ಹಿಂದಿನ ಟೈರಿಗೆ ತುಂಬಿದ ಗಾಳೀಲೇ ಖಾಲಿ ವಾಪಸ್ ಬರ್ತೀರ, ಸರಿನಾ? ಬಾಗಿಲ ಹತ್ತಿರದ ಸ್ಟಿಕ್ಕರ್ ನೋಡಿ, ಖಾಲಿಗೆ ಬೇರೆ, ಲೋಡಿಗೆ ಬೇರೆ ಪ್ರೆಷರ್ ಬರೆದಿರುತ್ತೆ. ಜಾಸ್ತಿ ಗಾಳಿ ಇದ್ದರೆ ಟೈರು ನಡುವೆ ಮಾತ್ರ ನೆಲ ಮುಟ್ಟುತ್ತೆ. ಮೇಲೆ ಟನ್ನುಗಟ್ಟಲೆ ಹೊರೋ ಕಮಾನು ಪಟ್ಟಿ ಖಾಲಿ ಇದ್ದಾಗ ಬಗ್ಗೋದೇ ಇಲ್ಲ, ಸಣ್ಣ ಹಳ್ಳಕ್ಕೂ ಆಕ್ಸಲ್ ಹೌಸಿಂಗ್ ಸಮೇತ ಕುಣಿಯುತ್ತೆ. ಚಕ್ರ ಗಾಳೀಲಿದ್ದ ಕ್ಷಣದಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಇಳಿದ ತಕ್ಷಣ ಜಾರುತ್ತೆ.

ಮಳೆಗಾಲದಲ್ಲಿ 50 ಕೆಜಿಯ ಮೂರು ಮರಳು ಚೀಲ ಹಾಕಿ. ಎಲ್ಲಿ ಅನ್ನೋದೇ ಮುಖ್ಯ. ಹಿಂದಿನ ಆಕ್ಸಲ್ ಮೇಲೆ ಅಥವಾ ಚೂರು ಮುಂದೆ. ಬಾಲದ ಹಲಗೆ ಹತ್ತಿರ ಇಡಬೇಡಿ. ಆಕ್ಸಲ್‌ನಿಂದ 60 ಸೆಂ.ಮೀ. ಹಿಂದೆ 150 ಕೆಜಿ ಇಟ್ಟರೆ, 3 ಮೀಟರ್ ವೀಲ್‌ಬೇಸ್‌ನಲ್ಲಿ ಮುಂದಿನ ಚಕ್ರದ ಭಾರ 30 ಕೆಜಿ ಕಡಿಮೆ ಆಗುತ್ತೆ. ಸ್ಟೇರಿಂಗ್ ಹಗುರಾಗಿ ಬ್ರೇಕ್ ಹಿಡಿದಾಗ ಮುಂದಿನ ಚಕ್ರ ಬೇಗ ಜಾಮ್ ಆಗುತ್ತೆ. ಚೀಲಗಳನ್ನ ಹಗ್ಗದಲ್ಲಿ ಬಿಗೀರಿ.

ಟೊಮ್ಯಾಟೊ_ಟ್ರಿಪ್ (ಚಿಂತಾಮಣಿ)
ಡೀಸೆಲ್ ಜಾಸ್ತಿ ಕುಡಿಯಲ್ವಾ 150 ಕೆಜಿಗೆ?

ಬಾಗೇಪಲ್ಲಿ_ಬೊಲೆರೊ
ಕುಡಿಯುತ್ತೆ, ಚೂರು. ಬಾಡಿ ಶಾಪ್ ಬಿಲ್ ನೋಡಿದ್ರೆ ಅದು ಲೆಕ್ಕಕ್ಕಿಲ್ಲ. ಇನ್ನೊಂದು: ಒದ್ದೆ ಇಳಿಜಾರಿನಲ್ಲಿ ಖಾಲಿ ಗಾಡಿ ಮೂರರಿಂದ ಒಂದಕ್ಕೆ ಎಳೆದು ಕ್ಲಚ್ ಪಟ್ ಅಂತ ಬಿಡಬೇಡಿ. ಎಂಜಿನ್ ಬ್ರೇಕ್ ಪೂರಾ ಹಿಂದಿನ ಚಕ್ರಕ್ಕೇ ಬೀಳುತ್ತೆ, ಅಲ್ಲಿ ಭಾರ ಇರಲ್ಲ. ಹಿಂಭಾಗ ಮುಂದೆ ಬಂದು ನಿಂತ್ಕೊಳ್ಳುತ್ತೆ. ಇಳಿಯೋದಕ್ಕೆ ಮುಂಚೆಯೇ ಗೇರ್ ಹಾಕಿ.

ನ್ಯಾನೊ_ಅಭಿಮಾನಿ
ಯಾರೂ ನ್ಯಾನೊ ಹೆಸರೆತ್ತಲಿಲ್ಲ. 624 ಸಿಸಿ, ಎರಡು ಸಿಲಿಂಡರ್, ಎಂಜಿನ್ ಹಿಂದಿನ ಸೀಟಿನ ಕೆಳಗೆ, ಡ್ರೈವೂ ಹಿಂದೆ. ದಿಣ್ಣೆ ಹತ್ತುವಾಗ ಭಾರ ಡ್ರೈವ್ ಚಕ್ರದ ಮೇಲೇ ಬೀಳುತ್ತೆ. ಇವರ ಗರಸು ದಾರಿಗೆ ಅದಕ್ಕಿಂತ ಒಳ್ಳೆ ಗಾಡಿ ಇಲ್ಲ.

ಕುಣಿಗಲ್_ಕ್ಯಾಂಬರ್
ಹತ್ತೋದೇನೋ ಸರಿ. ತಿರುವಿನ ಕಥೆ ಬೇರೆ. ನ್ಯಾನೊ ಮುಂದಿನ ಟೈರ್ 135/70 ಆರ್12, ಹಿಂದಿನದು 155/65 ಆರ್12. ಯಾಕೆ ಬೇರೆ ಬೇರೆ ಅಂದ್ರೆ, ಹಿಂಭಾಗ ಭಾರ ಇರೋ ಗಾಡಿ ವೇಗದಲ್ಲಿ ತಿರುಗುವಾಗ ಹಿಂದಿನ ಚಕ್ರವೇ ಮೊದಲು ಜಾರೋಕೆ ನೋಡುತ್ತೆ. ಮುಂದೆ ಸಣ್ಣ ಟೈರ್ ಹಾಕಿದ್ರೆ ಮುಂಭಾಗ ಮೊದಲು ಜಾರುತ್ತೆ, ಮಾಮೂಲಿ ಡ್ರೈವರ್‌ಗೆ ಅದೇ ಸುರಕ್ಷಿತ, ಆಕ್ಸಿಲರೇಟರ್ ಬಿಟ್ಟರೆ ಸರಿ ಹೋಗುತ್ತೆ. ಕೆಲವರು ನಾಲ್ಕೂ ಕಡೆ 155 ಹಾಕಿಸಿ ‘ಗ್ರಿಪ್ ಜಾಸ್ತಿ ಆಯ್ತು’ ಅಂತಾರೆ. ಕಂಪನಿ ಹಾಕಿದ್ದ ರಕ್ಷಣೆಯನ್ನೇ ಕಿತ್ತು ಹಾಕಿದ ಹಾಗೆ.

ಹಿಂದೆ ಎಂಜಿನ್ ಇರೋ ಗಾಡೀಲಿ ತಿರುವಿನ ನಡುವೆ ದಿಢೀರ್ ಅಂತ ಕಾಲು ಎತ್ತಬಾರದು. ಭಾರ ಮುಂದಕ್ಕೆ ಹೋಗುತ್ತೆ, ಹಿಂದಿನ ಹಿಡಿತ ಕಡಿಮೆ ಆಗುತ್ತೆ, ಬಾಲ ಬೀಸುತ್ತೆ. 1960ರ ದಶಕದಿಂದ ಪೋರ್ಷೆ 911 ಓಡಿಸೋರಿಗೆಲ್ಲ ಇದೇ ಪಾಠ. ವೇಗ ಇಳಿಸೋದಿದ್ರೆ ತಿರುವಿಗೆ ಮುಂಚೆ, ನೇರ ಇರುವಾಗ.

ನ್ಯಾನೊ_ಅಭಿಮಾನಿ
ನ್ಯಾನೊನ ಪೋರ್ಷೆ ಜೊತೆ ಒಂದೇ ವಾಕ್ಯದಲ್ಲಿ ಬರೆದದ್ದಕ್ಕೆ ಕೋಟಿ ನಮಸ್ಕಾರ.

ಪಾವಗಡ_ಪಿಸ್ಟನ್
😂😂

ಗೌರಿಬಿದನೂರು_ಗೇರ್
ಹಾಗಾದ್ರೆ ಓಮ್ನಿ? ಅದರ ಎಂಜಿನ್ ಮುಂದಿನ ಸೀಟಿನ ಕೆಳಗಿತ್ತು. ಮಿಡ್ ಎಂಜಿನ್ ಗಾಡಿ ಅಲ್ವಾ, ಸೂಪರ್‌ಕಾರ್ ಥರ?

ಕುಣಿಗಲ್_ಕ್ಯಾಂಬರ್
ಎಂಜಿನ್ ಜಾಗ ಒಂದೇ ನೋಡಿದ್ರೆ ಸಾಲದು. ಓಮ್ನಿ ವೀಲ್‌ಬೇಸ್ ಬರೀ 1840 ಮಿ.ಮೀ., ಎತ್ತರ ಜಾಸ್ತಿ, ಟೈರ್ ಸಣ್ಣದು. ಭಾರ ನಡುವೆ ಇದ್ದರೆ ಗಾಡಿ ಬೇಗ ತಿರುಗುತ್ತೆ, ನಿಜ. ಜಾರೋಕೆ ಶುರುವಾದ್ರೆ ಅಷ್ಟೇ ಬೇಗ ಸುತ್ತಿ ಹೋಗುತ್ತೆ, ಕೈಗೆ ಟೈಮೇ ಸಿಗಲ್ಲ. ಎತ್ತರದಿಂದಾಗಿ ಬ್ರೇಕ್ ಹಾಕಿದಾಗ ಭಾರ ಪೂರಾ ಮುಂದಕ್ಕೆ ಬೀಳುತ್ತೆ. ಡ್ರೈವ್ ಹಿಂದಿನ ಚಕ್ರಕ್ಕೆ ಇರೋದ್ರಿಂದ ಅದೇ ಎತ್ತರ ದಿಣ್ಣೆ ಹತ್ತುವಾಗ ಅನುಕೂಲ, ಇಳಿಯುವಾಗ ಶತ್ರು.

ದೇವರಾಯನದುರ್ಗ_ಡೌನ್‌ಶಿಫ್ಟ್
ನಂದಿ ಹೇರ್‌ಪಿನ್‌ಗಳಲ್ಲಿ ಮಂಜು ಬಿದ್ದ ಬೆಳಿಗ್ಗೆ ಫ್ರಂಟ್ ವೀಲ್ ಗಾಡಿಗಳು ಒಳಗಿನ ಚಕ್ರ ಕೀಚ್ ಅನ್ನಿಸ್ತಾ ಹೋಗೋದು ನೋಡಿರ್ತೀರಿ. ಕಾರಣ ಇದು. ಟೈರಿನ ಹಿಡಿತ ಒಂದೇ ಗಂಟು. ತಿರುಗೋಕೂ ಅದರಲ್ಲೇ, ಎಳೆಯೋಕೂ ಅದರಲ್ಲೇ ಖರ್ಚು. ತಿರುಗೋಕೆ 80 ಪರ್ಸೆಂಟ್ ಹೋದ್ರೆ ಎಳೆಯೋಕೆ 60 ಉಳಿಯುತ್ತೆ (ಎರಡರ ವರ್ಗ ಕೂಡಿದ್ರೆ 100ರ ವರ್ಗ, ಹೈಸ್ಕೂಲ್ ಪೈಥಾಗೊರಸ್). ತಿರುಗೋಕೇ ಪೂರಾ ಖರ್ಚಾದ್ರೆ ಆಕ್ಸಿಲರೇಟರ್ ಒತ್ತಿದಷ್ಟೂ ಮೂತಿ ಹೊರಕ್ಕೆ ಹೋಗುತ್ತೆ. ಫ್ರಂಟ್ ವೀಲ್ ಗಾಡೀಲಿ ಎರಡೂ ಕೆಲಸ ಮುಂದಿನ ಚಕ್ರಕ್ಕೇ. ಅದರ ಮೇಲೆ ಏರು, ಭಾರ ಹಿಂದಕ್ಕೆ. ಅದರ ಮೇಲೆ ತಿರುವು, ಒಳಚಕ್ರ ಹಗುರ. ಓಪನ್ ಡಿಫರೆನ್ಷಿಯಲ್ (ಎಡ, ಬಲ ಚಕ್ರಕ್ಕೆ ಬಲ ಹಂಚೋ ಮಾಮೂಲಿ ಗೇರ್ ಪೆಟ್ಟಿಗೆ) ಎರಡೂ ಕಡೆಗೆ ಸಮ ಬಲ ಕೊಡುತ್ತೆ, ಹಾಗಾಗಿ ಹಗುರ ಚಕ್ರ ಎಷ್ಟು ತಡೆಯುತ್ತೋ ಭಾರದ ಚಕ್ರಕ್ಕೂ ಅಷ್ಟೇ.

ಮಾಡಬೇಕಾದ್ದು: ತಿರುವಿಗೆ ಮುಂಚೆಯೇ ಫಸ್ಟ್ ಗೇರ್, ಎದುರಿನಿಂದ ಯಾರೂ ಇಲ್ಲದಿದ್ರೆ ನಿಮ್ಮ ಲೇನಿನ ಹೊರ ಅಂಚಿನಿಂದ ಅಗಲವಾಗಿ ಹೊರಳಿ, ಸ್ಟೇರಿಂಗ್ ನೇರ ಆಗ್ತಾ ಬಂದ ಹಾಗೆ ಆಕ್ಸಿಲರೇಟರ್. ಪೂರಾ ತಿರುಗಿಸಿಟ್ಟು ಒತ್ತಬೇಡಿ. ಸುತ್ತುತ್ತಿದ್ದ ಚಕ್ರಕ್ಕೆ ಆ ಕೋನದಲ್ಲಿ ದಿಢೀರ್ ಹಿಡಿತ ಸಿಕ್ಕಿದ್ರೆ ಹೊರಗಿನ ಸಿವಿ ಜಾಯಿಂಟ್ (ಆಕ್ಸಲ್ ತುದೀಲಿ ಚಕ್ರ ತಿರುಗೋಕೆ ಬಿಡೋ ಕೀಲು) ಕಟ್.

ಮುಳಬಾಗಿಲು_ಮಗ
ಹ್ಯಾಂಡ್‌ಬ್ರೇಕ್ ಎರಡು ಕ್ಲಿಕ್ ಎಳೆದು ಹತ್ತಿಸಿದ್ರೆ ಸುತ್ತೋ ಚಕ್ರ ನಿಲ್ಲುತ್ತೆ, ಇನ್ನೊಂದಕ್ಕೆ ಬಲ ಹೋಗುತ್ತೆ. ಹಳೇ ಟ್ರಿಕ್.

ಸ್ಪ್ಯಾನರ್_ಶಿರಾ
ಅದು ಹಿಂದಿನ ಡ್ರೈವ್ ಗಾಡಿಗೆ. ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರ. ಇವರದ್ದು ಮುಂದಿನ ಡ್ರೈವ್, ಎಳೆದರೆ ಗಾಡಿ ಇನ್ನೂ ಭಾರ ಆಗುತ್ತೆ ಅಷ್ಟೇ. ಫ್ರಂಟ್ ವೀಲ್‌ಗೆ ಆ ಕೆಲಸ ಕಾಲಿನ ಬ್ರೇಕ್ ಲಘುವಾಗಿ ತಾಗಿಸಿ ಮಾಡಬೇಕು. ಮ್ಯಾನ್ಯುಯಲ್‌ನಲ್ಲಿ ಮೂರು ಕಾಲು ಬೇಕು.

ಅಮ್ಮ_ಆಟೊಮ್ಯಾಟಿಕ್ (ತುಮಕೂರು)
ಟ್ರ್ಯಾಕ್ಷನ್ ಕಂಟ್ರೋಲ್ ಇರೋ ಗಾಡಿ ಆ ಕೆಲಸ ತಾನೇ ಮಾಡುತ್ತೆ, ಸುತ್ತೋ ಚಕ್ರಕ್ಕೆ ಬ್ರೇಕ್ ಒತ್ತುತ್ತೆ. ಆದರೆ ಜೊತೆಗೆ ಎಂಜಿನ್ ಬಲವನ್ನೂ ಇಳಿಸುತ್ತೆ. ದಿಣ್ಣೆ ನಡುವೆ ಗಾಡಿ ಸತ್ತ ಹಾಗೆ ಆದ್ರೆ ಬಟನ್ ಒತ್ತಿ ಆಫ್ ಮಾಡಿ ನೋಡಿ, ಮೇಲೆ ಹೋದ ಮೇಲೆ ಆನ್ ಮಾಡೋದು ಮರೀಬೇಡಿ.

ತಪ್ಪಲು_ತೋಟ (ಚಿಕ್ಕಬಳ್ಳಾಪುರ)
ಟೈರ್ ಬದಲಿಸಿದ್ರೆ? ಮುಂದಿನ ಎರಡು ಸವೆದಿವೆ. ಅಂಗಡಿಯವರು ಹೊಸದು ಎರಡನ್ನ ಮುಂದೆ ಹಾಕ್ತೀನಿ ಅಂತಾರೆ.

ಕುಣಿಗಲ್_ಕ್ಯಾಂಬರ್
ಬೇಡ. ಹೊಸದು ಹಿಂದೆ. ಡ್ರೈವ್ ಯಾವ ಕಡೆ ಇದ್ದರೂ.

ಪಾವಗಡ_ಪಿಸ್ಟನ್
ಒಪ್ಪಲ್ಲ. ಇವರ ತೊಂದರೆನೇ ಮುಂದಿನ ಚಕ್ರ. ಹೊಸದು ಹಿಂದೆ ಹಾಕಿ ಏನು ಪೂಜೆ ಮಾಡ್ತಾರಾ?

ಕುಣಿಗಲ್_ಕ್ಯಾಂಬರ್
ದಿಣ್ಣೇಲಿ ಚಕ್ರ ಸುತ್ತಿದ್ರೆ ಮರ್ಯಾದೆ ಹೋಗುತ್ತೆ. ನೀರು ನಿಂತ ಹೈವೇಲಿ 80ರಲ್ಲಿ ಸವೆದ ಹಿಂದಿನ ಟೈರ್ ತೇಲಿದ್ರೆ ಗಾಡಿ ಅಡ್ಡ ತಿರುಗುತ್ತೆ. ಮುಂದಿನದು ತೇಲಿದ್ರೆ ನೇರ ಹೋಗುತ್ತೆ, ಕಾಲು ಎತ್ತಿದ್ರೆ ವಾಪಸ್ ಹಿಡಿಯುತ್ತೆ. ಸವೆತ 1.6 ಮಿ.ಮೀ. ಗುರುತಿಗೆ ಬಂದಿದ್ರೆ ವಾದವೇ ಬೇಡ, ನಾಲ್ಕೂ ಹಾಕಿಸಲಿ. 8,000–10,000 ಕಿ.ಮೀ.ಗೆ ಮುಂದೆ–ಹಿಂದೆ ಬದಲಾಯಿಸ್ತಾ ಇದ್ದರೆ ಈ ಪ್ರಶ್ನೆಯೇ ಬರಲ್ಲ.

ಪಾವಗಡ_ಪಿಸ್ಟನ್
ನಾಲ್ಕೂ ಅಂದ್ರೆ ಸರಿ. ಎರಡೇ ಅಂದ್ರೆ ನಾನು ಈಗಲೂ ಮುಂದೆ.

ಬಾಗೇಪಲ್ಲಿ_ಬೊಲೆರೊ
ಗಾಳಿ ಇಳಿಸೋದು ಯಾರೂ ಹೇಳಲಿಲ್ಲ. 32–33 ಇರೋದನ್ನ ಮುಂದೆ 24ಕ್ಕೆ ಇಳಿಸಿ ಹತ್ತಿಸಿ, ಮೇಲೆ 12 ವೋಲ್ಟ್ ಪಂಪ್‌ನಲ್ಲಿ ತುಂಬಿ. 18ಕ್ಕಿಂತ ಕೆಳಗೆ ಬೇಡ, ತಿರುವಿನಲ್ಲಿ ಟೈರ್ ರಿಮ್ ಬಿಟ್ಟು ಬರಬಹುದು. ಕಡಿಮೆ ಗಾಳೀಲಿ ಹೈವೇಗೆ ಇಳೀಬೇಡಿ, ಬಿಸಿಯಾಗಿ ಸೈಡ್‌ವಾಲ್ ಸೀಳುತ್ತೆ.

ಅರ್ಧಕ್ಕೆ ನಿಂತರೆ: ಕಾಲಿನ ಬ್ರೇಕ್, ಹ್ಯಾಂಡ್‌ಬ್ರೇಕ್, ರಿವರ್ಸ್ ಗೇರ್, ನೇರ ಹಿಂದಕ್ಕೆ. ನ್ಯೂಟ್ರಲ್ ಬೇಡವೇ ಬೇಡ. ದಿಣ್ಣೆಗೆ ಅಡ್ಡ ತಿರುಗಿಸೋಕೆ ಹೋಗಬೇಡಿ, ಪಲ್ಟಿ ಆಗೋದು ಅಲ್ಲೇ.

ಮುಳಬಾಗಿಲು_ಮಗ
ಇಷ್ಟು ಕಷ್ಟ ಯಾಕೆ, ಥಾರ್.

ಕ್ರೌನ್_ಪಿನಿಯನ್ (ಕೋಲಾರ)
ಯಾವ ಥಾರ್? 2023ರಿಂದ ಹಿಂದಿನ ಎರಡೇ ಚಕ್ರಕ್ಕೆ ಡ್ರೈವ್ ಇರೋ ಥಾರ್ ಕೂಡ ಮಾರ್ತಾರೆ. ಹೆಸರೊಂದೇ ನೋಡಿ ಅದನ್ನ ತಗೊಂಡ್ರೆ ಖಾಲಿ ಇದ್ದಾಗ ಇದೇ ಗರಸಲ್ಲಿ ಚಕ್ರ ಸುತ್ತುತ್ತೆ. 4x4 ಥಾರ್, ಜಿಮ್ನಿ ಎರಡೂ ಪಾರ್ಟ್ ಟೈಮ್, ಅಂದ್ರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಡ್ರೈವ್. 4ಎಚ್ (ನಾಲ್ಕು ಚಕ್ರದ ಡ್ರೈವ್) ಹಾಕಿದ್ರೆ ಮುಂದಿನ, ಹಿಂದಿನ ಶಾಫ್ಟ್ ಒಂದೇ ವೇಗದಲ್ಲಿ ಲಾಕ್. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗಬೇಕು, ಗರಸಲ್ಲಾದ್ರೆ ಚೂರು ಜಾರಿ ಸರಿಹೋಗುತ್ತೆ. ಒಣ ಟಾರ್ ಮೇಲೆ ಜಾರಲ್ಲ, ಮುಂದಕ್ಕೂ ಹಿಂದಕ್ಕೂ ಬಲ ಹಂಚೋ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತೆ, ಲಿವರ್ ಹೊರಗೆ ಬರಲ್ಲ. ಟಾರ್ ಮುಟ್ಟೋಕೆ ಮುಂಚೆ 2ಎಚ್‌ಗೆ (ಎರಡೇ ಚಕ್ರದ ಡ್ರೈವ್) ಬನ್ನಿ.

ಇನ್ನೊಂದು ಗೊಂದಲ: ಇನ್ನೋವಾ ಅಂದ ಕೂಡಲೇ ಹಿಂದಿನ ಡ್ರೈವ್ ಅಂತ ತಿಳೀಬೇಡಿ. ಕ್ರಿಸ್ಟಾ ಹಿಂದೆ, ಹೈಕ್ರಾಸ್ ಮುಂದೆ.

ಇವಿ_ಇಂದ್ರ (ಮಾಲೂರು)
ಎಲೆಕ್ಟ್ರಿಕ್ ಸೇರಿಸಿ. ನೆಕ್ಸಾನ್ ಇವಿ ಮುಂದಿನ ಡ್ರೈವ್, ಮಹೀಂದ್ರ ಬಿಇ 6 ಹಿಂದಿನ ಡ್ರೈವ್. ಬ್ಯಾಟರಿ ನೆಲದಲ್ಲಿ ಇರೋದ್ರಿಂದ ಮೂತೀಲಿ ಎಂಜಿನ್ ಭಾರ ಇಲ್ಲ, ಮುಂದೆ–ಹಿಂದೆ ಹೆಚ್ಚುಕಡಿಮೆ ಸಮ. ಹಾಗಾಗಿ ಮುಂದಿನ ಡ್ರೈವ್ ಇವಿ ದಿಣ್ಣೆ ಹತ್ತುವಾಗ ಪೆಟ್ರೋಲ್ ಗಾಡಿಗಿಂತ ಬೇಗ ಚಕ್ರ ಸುತ್ತುತ್ತೆ, ಮೋಟಾರ್ ಬಲ ಸೊನ್ನೆ ವೇಗದಲ್ಲೇ ಪೂರಾ ಬರೋದ್ರಿಂದ ಇನ್ನೂ ಜಾಸ್ತಿ. ಹಿಂದೆ ಮೋಟಾರ್ ಇದ್ದರೆ ಆ ಕಾಟ ಇಲ್ಲ. ಆದರೆ ಒದ್ದೆ ಇಳಿಜಾರಿನಲ್ಲಿ ರೀಜೆನ್ (ಕಾಲು ಎತ್ತಿದಾಗ ಮೋಟಾರೇ ಬ್ರೇಕ್ ಹಿಡಿಯೋದು) ಲೆವೆಲ್ ಕಡಿಮೆ ಮಾಡಿ, ಮೇಲೆ ಪಿಕಪ್‌ಗೆ ಹೇಳಿದ ಎಂಜಿನ್ ಬ್ರೇಕ್ ಮಾತೇ ಇದಕ್ಕೂ.

ಗಾರೆ_ಗಣಪ (ಶಿಡ್ಲಘಟ್ಟ)
ನೀವೆಲ್ಲ ಗಾಡಿ ಬದಲಾಯಿಸ್ತಿದೀರ. ದಾರಿ ಬದಲಾಯಿಸಿ ಸ್ವಾಮಿ. ಪೂರಾ 5ಕ್ಕೆ 1 ಅಂತ ಹಿಡಿದ್ರೂ 30 ಮೀಟರ್‌ಗೆ 6 ಮೀಟರ್ ಏರು. ಜಾಗ ಇದ್ದರೆ ಬಳಸಿ 48 ಮೀಟರ್ ಮಾಡಿ, 8ಕ್ಕೆ 1 ಬರುತ್ತೆ. ಜಾಗ ಇಲ್ವಾ, ಎರಡು ಚಕ್ರಕ್ಕೆ ಎರಡು ಕಾಂಕ್ರೀಟ್ ಪಟ್ಟಿ. ತಲಾ 2 ಅಡಿ ಅಗಲ, 6 ಇಂಚು ದಪ್ಪ, ನಡುವಿನಿಂದ ನಡುವಿಗೆ ಸುಮಾರು 1.45 ಮೀಟರ್. ಟ್ರ್ಯಾಕ್ಟರ್ ಓಡಾಡೋದಿದ್ರೆ ಅದರ ಚಕ್ರ ಅಳೆದು ಪಟ್ಟಿ ಇನ್ನೂ ಅಗಲ ಮಾಡಿ. ತಿರುವಿನಲ್ಲಿ ಪಟ್ಟಿ ಸಾಲಲ್ಲ, ಪೂರಾ ಹಾಕಿ, ಹಿಂದಿನ ಚಕ್ರ ಒಳಗೆ ಕತ್ತರಿಸಿ ಹೋಗುತ್ತೆ. ಗಟ್ಟಿ ಆಗೋಕೆ ಮುಂಚೆ ಒರಟು ಪೊರಕೇಲಿ ಅಡ್ಡಡ್ಡ ಗೀರು ಎಳೀಬೇಕು. ನುಣ್ಣಗೆ ಮಾಡಿದ್ರೆ ಪಾಚಿ ಕಟ್ಟಿ ಗರಸಿಗಿಂತ ಕೆಟ್ಟದ್ದಾಗುತ್ತೆ. ಪಕ್ಕದಲ್ಲಿ ಚರಂಡಿ ಬಿಡದಿದ್ರೆ ಮೊದಲ ಮಳೆಗೇ ಪಟ್ಟಿ ಅಡಿ ಮಣ್ಣು ಕೊಚ್ಚಿ ಹೋಗುತ್ತೆ.

ಕ್ರೌನ್_ಪಿನಿಯನ್ (ಕೋಲಾರ)
ಲೆಕ್ಕಕ್ಕೆ: 8ಕ್ಕೆ 1 ಮಾಡಿದ್ರೆ ಅದೇ ತುಂಬಿದ ಗಾಡಿಗೆ ಬೇಕಾದ ಹಿಡಿತ 0.42ರಿಂದ 0.25ಕ್ಕೆ ಇಳಿಯುತ್ತೆ. ಗರಸಲ್ಲೂ ಹತ್ತುತ್ತೆ. ಗಣಪ ಅವರ ಮಾತಿಗೆ ನನ್ನ ವೋಟು.

ಟೊಮ್ಯಾಟೊ_ಟ್ರಿಪ್ (ಚಿಂತಾಮಣಿ)
ಟ್ರ್ಯಾಕ್ಟರ್ ಅಂದಾಗ ನೆನಪಾಯ್ತು. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರು ಸಂಸ್ಕರಿಸಿ ಕೆರೆಗಳಿಗೆ ಬಿಡೋದು) ಬಂದ ಮೇಲೆ ನಮ್ಮ ಕಡೆ ಕೆರೆ ಪಕ್ಕದ ಗದ್ದೆ ಒಣಗೋದೇ ಇಲ್ಲ, ಟ್ರ್ಯಾಕ್ಟರ್ ಹೂತುಕೊಳ್ಳುತ್ತೆ. ಹಿಂದಿನ ಟೈರಿಗೆ ನೀರು ತುಂಬಿಸ್ತಾರಲ್ಲ, ಎಷ್ಟು?

ಬಾಗೇಪಲ್ಲಿ_ಬೊಲೆರೊ
ಮುಕ್ಕಾಲು ಭಾಗ, ಅಷ್ಟೇ. ವಾಲ್ವ್ ಮೇಲಕ್ಕೆ ಬರೋ ಹಾಗೆ ಚಕ್ರ ತಿರುಗಿಸಿ, ಜ್ಯಾಕ್ ಹಾಕಿ, ವಾಲ್ವ್ ಮಟ್ಟದವರೆಗೆ ತುಂಬಿ, ಮೇಲೆ ಗಾಳಿ. ಪೂರಾ ತುಂಬಿದ್ರೆ ಟೈರ್ ಬಗ್ಗಲ್ಲ, ಕಲ್ಲಿಗೆ ಹೊಡೆದಾಗ ಪಟ್ಟೆ ಒಡೆಯುತ್ತೆ. ಆದರೆ ಹೂತುಕೊಳ್ಳೋ ಕೆಸರಿಗೆ ಭಾರ ಸೇರಿಸಿದ್ರೆ ಇನ್ನೂ ಹೂತುಕೊಳ್ಳುತ್ತೆ. ಅಲ್ಲಿಗೆ ಕೇಜ್ ವೀಲ್ (ಕೆಸರಿಗೆ ಹಾಕೋ ಕಬ್ಬಿಣದ ಪಂಜರ ಚಕ್ರ). ನೀರು ತುಂಬೋದು ಗಟ್ಟಿ ನೆಲದ ಉಳುಮೆಗೆ.

ಅಮ್ಮ_ಆಟೊಮ್ಯಾಟಿಕ್ (ತುಮಕೂರು)
ಹಿಡಿತದ ಮಾತು ಬಂದಿದೆ, ಇದನ್ನೂ ಹೇಳಿಬಿಡ್ತೀನಿ. ಸುಗ್ಗಿ ಸಮಯದಲ್ಲಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿರ್ತಾರೆ. ಅದರ ಮೇಲೆ ಬ್ರೇಕ್ ಹಿಡಿದ್ರೆ ಯಾವ ಡ್ರೈವ್ ಆದ್ರೂ ಒಂದೇ, ಜಾರುತ್ತೆ.

ಸ್ಪ್ಯಾನರ್_ಶಿರಾ
ಜಾರೋದಕ್ಕಿಂತ ಬೆಂಕಿ ದೊಡ್ಡದು. ಹುರುಳಿ ಬಳ್ಳಿ ಉದ್ದ, ತಿರುಗೋ ಶಾಫ್ಟ್‌ಗೆ ಸುತ್ತಿಕೊಳ್ಳುತ್ತೆ. ಹಿಂದಿನ ಡ್ರೈವ್ ಗಾಡೀಲಿ ಪ್ರೊಪೆಲ್ಲರ್ ಶಾಫ್ಟ್‌ಗೆ ಸುತ್ತಿ ಪಕ್ಕದ ಸೈಲೆನ್ಸರ್ ಪೈಪ್‌ಗೆ ತಾಗುತ್ತೆ. ಮುಂದಿನ ಡ್ರೈವ್‌ನಲ್ಲಿ ಆಕ್ಸಲ್‌ಗೆ ಸುತ್ತಿ ಸಿವಿ ಬೂಟ್ (ಸಿವಿ ಜಾಯಿಂಟ್‌ನ ರಬ್ಬರ್ ಮುಚ್ಚಳ) ಹರಿಯುತ್ತೆ, ಹೊಗೆ ಶುದ್ಧ ಮಾಡೋ ಬಿಸಿ ಕ್ಯಾಟಲಿಟಿಕ್ ಕನ್ವರ್ಟರ್ ಅಲ್ಲೇ ಹತ್ತಿರ. ಬಿಎಸ್6 ಡೀಸೆಲ್ ಗಾಡಿ ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಸೇರಿದ ಮಸಿ ಸುಡೋ ಹೊತ್ತಲ್ಲಿ ಒಳಗೆ 600 ಡಿಗ್ರಿ ಆಸುಪಾಸು. ದಾಟಿದ ಮೇಲೆ ಹುಲ್ಲಿಲ್ಲದ ಕಡೆ ನಿಲ್ಲಿಸಿ ಬಗ್ಗಿ ನೋಡಿ. ಸುತ್ತಿಕೊಂಡಿದ್ರೆ ಎಂಜಿನ್ ಆಫ್ ಮಾಡಿ, ಉದ್ದ ಕೋಲಿನಲ್ಲಿ ಅಥವಾ ಕುಡುಗೋಲಿನಲ್ಲಿ ಕತ್ತರಿಸಿ ಎಳೀರಿ. ಕೈ ಹಾಕಬೇಡಿ, ಪೈಪ್ ಸುಡುತ್ತೆ.

ಗೌರಿಬಿದನೂರು_ಗೇರ್
ಸಿವಿ ಬೂಟ್ ಹರಿದ್ರೆ ಪೂರಾ ಆಕ್ಸಲ್ ಬದಲಿಸಬೇಕಾ?

ಸ್ಪ್ಯಾನರ್_ಶಿರಾ
ಬೇಗ ಗೊತ್ತಾದ್ರೆ ಬೂಟ್, ಎರಡು ಕ್ಲಿಪ್, ಗ್ರೀಸ್ ಸಾಕು. ಹಳೇ ಗ್ರೀಸ್ ಪೂರಾ ಒರೆಸಿ, ಗುಂಡುಗಳ ಮೇಲೆ ಗೀರು ಇದೆಯಾ ನೋಡಿ. ಸ್ಟೇರಿಂಗ್ ಪೂರಾ ತಿರುಗಿಸಿ ನಿಧಾನಕ್ಕೆ ಓಡಿಸಿದಾಗ ಟಕ್ ಟಕ್ ಸದ್ದು ಬರ್ತಿದ್ರೆ ಜಾಯಿಂಟ್ ಹೋಗಿದೆ, ಬೂಟ್ ಹಾಕಿ ಪ್ರಯೋಜನ ಇಲ್ಲ.